ಹುಲಿಗೆವ್ವನ ಆಡು ಮತ್ತು ಪೊಲೀಸ್ ಆ್ಯಕ್ಷನ್

ನಮ್ಮ ಭಾಗದ ಸಾಲಿ ಹುಡುಗರಿಗೆ ಸ್ವಾತಂತ್ರ್ಯ ವರ್ಷಕ್ಕೆ ಎರಡು ಸಲ ಬರುತ್ತದೆ. ಆಗಸ್ಟ್ 15ಕ್ಕೆ ದೇಶದ್ದು, ಸೆಪ್ಟೆಂಬರ್ 17ಕ್ಕೆ ನಮ್ಮದು. ಎರಡೂ ದಿನ ಧ್ವಜ, ಎರಡೂ ದಿನ ಬಿಸಿಲು, ಎರಡೂ ದಿನ ಬೂಂದಿ. ಮೈಸೂರು ಕಡೆಯ ಮಕ್ಕಳಿಗೆ ಈ ಎರಡನೇ ಬೂಂದಿಯ ಭಾಗ್ಯವಿಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಬೋರ್ಡು ಬದಲಾದವು, ಲೆಟರ್‌ಹೆಡ್ಡು ಬದಲಾದವು, ಭಾಷಣ ಮಾತ್ರ ಹಾಗೇ ಉಳಿಯಿತು. ನಿಜಾಮ, ಕಾಸಿಂ ರಜ್ವಿ, ಅವನ ಖಾಸಗಿ ಪಡೆಯ ರಜಾಕಾರರು, ಸರ್ದಾರ್ ಪಟೇಲರು: ಕೆಂಪು ಬಸ್ಸಿನ ಸ್ಟಾಪುಗಳ ಹಾಗೆ ಈ ಹೆಸರುಗಳು ಒಂದೇ ಕ್ರಮದಲ್ಲಿ ಬರುತ್ತವೆ, ಎಲ್ಲಿಯೂ ಯಾವ ಮಗುವೂ ಹತ್ತುವುದಿಲ್ಲ, ಇಳಿಯುವುದಿಲ್ಲ.

ಇದನ್ನು ನಾನು ಒಬ್ಬ ಮುಖ್ಯೋಪಾಧ್ಯಾಯ ಮಿತ್ರರ ಎದುರು ಆಡಿಬಿಟ್ಟೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, "ಹಂಗಾದ್ರ ನೀವೇ ಒಂದು ಬರೀರಲ್ಲ, ಹುಡುಗರು ಓದೂವಂಥಾದ್ದು" ಎಂದರು. ನಮ್ಮ ಕಡೆ ಯಾವುದರ ಬಗ್ಗೆ ಕೊರಗಿದರೂ ಆ ಕೆಲಸವನ್ನು ಕೊರಗಿದವನ ತಲೆಗೇ ಕಟ್ಟುವ ಪದ್ಧತಿಯಿದೆ. ಒಪ್ಪಿಕೊಂಡೆ. ಕಾದಂಬರಿ ನಡೆಯುವುದು ಹಿಟ್ನಾಳದಲ್ಲಿ ಎಂದೂ ಅಲ್ಲೇ ಘೋಷಿಸಿದೆ.

ಹಿಟ್ನಾಳವೇ ಯಾಕೆ? ಈಗ ಹಿಟ್ನಾಳ ಎಂದರೆ ಅನೇಕರಿಗೆ ಹೆದ್ದಾರಿಯ ಟೋಲು, ಇಲ್ಲವೇ ಚುನಾವಣೆಯ ಹೊತ್ತಿಗೆ ಪತ್ರಿಕೆಯಲ್ಲಿ ಬರುವ ಒಂದು ಮನೆತನದ ಹೆಸರು. ಆದರೆ 1948ರ ನಕಾಶೆ ಹರವಿಕೊಂಡು ನೋಡಿದರೆ ಊರಿನ ಮಹತ್ವ ತಿಳಿಯುತ್ತದೆ. ದಕ್ಷಿಣಕ್ಕೆ ಸ್ವಲ್ಪ ನಡೆದರೆ ಮುನಿರಾಬಾದು, ಹುಲಿಗಿ, ತುಂಗಭದ್ರೆ. ಹೊಳೆಯ ಈಚೆ ದಂಡೆ ನಿಜಾಮನದು, ಆಚೆ ದಂಡೆಯ ಹೊಸಪೇಟೆ ಮದ್ರಾಸ್ ಪ್ರಾಂತ್ಯದ್ದು. ಪಶ್ಚಿಮಕ್ಕೆ ಕೊಪ್ಪಳ ದಾಟಿ ಹೋದರೆ ಮುಂಡರಗಿ, ಗಜೇಂದ್ರಗಡ. ಅವು ಮುಂಬೈ ಪ್ರಾಂತ್ಯದವು. ಒಂದು ಮಗು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಸಂಜೆಯೊಳಗೆ ಬೇರೆ ದೇಶ ಮುಟ್ಟಬಹುದಾಗಿದ್ದ ಊರು. ಕಾದಂಬರಿಕಾರನಿಗೆ ಇನ್ನೇನು ಬೇಕು!

ಬರೆಯುವ ಮೊದಲು ಓದಬೇಕಲ್ಲ. ಓದುವುದು ಬರೆಯುವುದನ್ನು ಮುಂದೂಡುವ ಸಭ್ಯ ಉಪಾಯ. ಶತ್ರು ಸೈನ್ಯ ಬಂದು ಕುಳಿತ ಊರುಗಳಲ್ಲಿ ಬೆಳೆದ ಮಕ್ಕಳ ಕಥೆಗಳು ಯುರೋಪಿನಲ್ಲಿ ಕಪಾಟುಗಟ್ಟಲೆ ಇವೆ. ವಾರ್ಸಾದಲ್ಲಿ ಅಪ್ಪ ಅಮ್ಮನಿಂದ ಅಗಲಿದ ಮಕ್ಕಳು ಯುರೋಪು ದಾಟಿ ನಡೆದು ಹೋಗುವ ಇಯಾನ್ ಸೆರೆಲಿಯರ್‌ನ ಕಾದಂಬರಿ 1956ರದು. ಲೋಯಿಸ್ ಲೌರಿ 1989ರಲ್ಲಿ ಬರೆದ 'ನಂಬರ್ ದ ಸ್ಟಾರ್ಸ್' ಡೆನ್ಮಾರ್ಕಿನ ಹತ್ತು ವರ್ಷದ ಹುಡುಗಿಯದು. 1943ರಲ್ಲಿ ಡೆನ್ಮಾರ್ಕಿನ ಜನ ತಮ್ಮ ಯಹೂದಿ ನೆರೆಹೊರೆಯವರನ್ನು, ಹೆಚ್ಚುಕಡಿಮೆ 7,000 ಮಂದಿಯನ್ನು, ಮೀನುಗಾರರ ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ಆ ಕಥೆ ಓದುವಾಗ ನನ್ನ ತಲೆಯಲ್ಲಿ ಇದ್ದದ್ದು ಸಮುದ್ರವಲ್ಲ, ಆನೆಗೊಂದಿಯ ಹತ್ತಿರ ಸುತ್ತುತ್ತ ಸುತ್ತುತ್ತ ಹೊಳೆ ದಾಟುತ್ತಿದ್ದ ಹರಿಗೋಲು. ಆ್ಯನ್ ಫ್ರಾಂಕಳ ದಿನಚರಿ ಎಲ್ಲರಿಗೂ ಗೊತ್ತು. ಅದು ಡಚ್ ಭಾಷೆಯಲ್ಲಿ ಮೊದಲು ಅಚ್ಚಾದದ್ದು 1947ರ ಜೂನ್‌ನಲ್ಲಿ. ಅದೇ ಜೂನ್‌ನಲ್ಲಿ ನಮ್ಮ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ತಾನು ಭಾರತಕ್ಕೂ ಸೇರುವುದಿಲ್ಲ, ಪಾಕಿಸ್ತಾನಕ್ಕೂ ಸೇರುವುದಿಲ್ಲ ಎಂದು ಫರ್ಮಾನು ಹೊರಡಿಸಿದ. ಆಮ್ಸ್ಟರ್‌ಡ್ಯಾಮಿನಲ್ಲಿ ಒಂದು ಮಗುವಿನ ಕಥೆ ಪುಸ್ತಕವಾಗುತ್ತಿದ್ದಾಗ ಹಿಟ್ನಾಳದ ಮಕ್ಕಳ ಕಥೆ ಶುರುವಾಗುತ್ತಿತ್ತು. ಅದಿನ್ನೂ ಪುಸ್ತಕವಾಗಿಲ್ಲ.

ಇಲ್ಲಿ ಜಾಣರೊಬ್ಬರು ತಕರಾರು ತೆಗೆದರು. "ಜರ್ಮನ್ನರು ಹೊರಗಿನಿಂದ ಬಂದವರು. ನಿಜಾಮ ಎರಡು ನೂರು ವರ್ಷದಿಂದ ಇದ್ದವನು. ಕೊಪ್ಪಳ, ಯಲಬುರ್ಗಾ ಅಂತೂ ಸಾಲಾರ್ ಜಂಗರ ಜಹಗೀರು. ಅದನ್ನ ಆಕ್ರಮಣ ಅಂತ ಹೆಂಗ ಕರೀತೀರಿ?" ಮಾತು ಸರಿಯೇ. ದೊಡ್ಡವರ ಪುಸ್ತಕವಾಗಿದ್ದರೆ ಇದರ ಮೇಲೆ ಇಪ್ಪತ್ತು ಪುಟ ಬರೆಯಬಹುದಿತ್ತು. ಮಗುವಿಗೆ ಬೇರೆ ಅಳತೆಗೋಲು ಇದೆ. ಅಪ್ಪ ರಾತ್ರಿ ಮನೆಯಲ್ಲಿ ಮಲಗುತ್ತಾನೋ, ಹೊಲದಲ್ಲಿ ಅಡಗುತ್ತಾನೋ? ಅವ್ವನ ಕೊರಳಿನ ಸರ ಕೊರಳಲ್ಲಿದೆಯೋ, ಒಲೆಯ ಕೆಳಗೆ ಹೂತಿದೆಯೋ? ಬೀದಿಯಲ್ಲಿ ಬೂಟಿನ ಸಪ್ಪಳ ಕೇಳಿದರೆ ದೀಪ ಆರಿಸುತ್ತಾರೋ ಇಲ್ಲವೋ? 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರಿನವರೆಗಿನ ಹದಿಮೂರು ತಿಂಗಳಿಗೆ ಈ ಅಳತೆಗೋಲು ಹಿಡಿದರೆ ಜಾಣರ ತಕರಾರು ತಾನಾಗಿ ಸಣ್ಣದಾಗುತ್ತದೆ. ಊರಿನವರು ಆ ಕಾಲಕ್ಕೆ ಈಗಲೂ 'ರಜಾಕಾರ ಹಾವಳಿ' ಎಂದೇ ಅನ್ನುತ್ತಾರೆ. ಬರಗಾಲ, ಪ್ಲೇಗುಗಳ ಸಾಲಿಗೆ ಅದನ್ನೂ ಸೇರಿಸಿ, ಮದುವೆ ಹುಟ್ಟು ಸಾವುಗಳನ್ನು ಅದರಿಂದ ಲೆಕ್ಕ ಹಾಕುತ್ತಾರೆ. "ನಾ ಹಾವಳ್ಯಾಗ ಹುಟ್ಟಿದಾಂವ" ಎಂದು ಹೇಳುವ ಅಜ್ಜನ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂದು ಇರುತ್ತದೆ, ಆ ಮಾತು ಬೇರೆ.

ಕಾದಂಬರಿಗೆ ನಾಯಕಿ ಬೇಕಿತ್ತು. ಹೆಸರು ಹುಡುಕಬೇಕಾಗಲಿಲ್ಲ: ಹುಲಿಗಿಯ ಹುಲಿಗೆಮ್ಮನ ನೆರಳಿನ ಸೀಮೆಯಲ್ಲಿ ಹುಲಿಗೆವ್ವ ಅಲ್ಲದೆ ಇನ್ನೇನು. ವಯಸ್ಸು ಒಂಬತ್ತು. ಅವಳಿಗೆ ಒಬ್ಬ ಅಣ್ಣ, ಹೆಸರು ಹುಸೇನಪ್ಪ. ಪಕ್ಕದ ಮನೆಯ ಗೆಳತಿಯ ತಮ್ಮ ಯಮನೂರಸಾಬ. ಬೆಂಗಳೂರಿನ ಓದುಗರು ಇದನ್ನು ನಾನು ಸೌಹಾರ್ದಕ್ಕಾಗಿ ಹೆಣೆದದ್ದು ಎಂದುಕೊಂಡಾರು. ಹಾಗಲ್ಲ. ನಮ್ಮ ಊರುಗಳಲ್ಲಿ ಹುಸೇನಪ್ಪ, ಫಕೀರಪ್ಪ, ಯಮನೂರಪ್ಪ ಹೆಸರಿನವರು ಗುಡಿಗೂ ಹೋಗುತ್ತಾರೆ, ಹರಕೆ ಹೊತ್ತು ಮೊಹರಂನ ಅಲಾಯಿ ಕುಣಿಗೂ ಬರುತ್ತಾರೆ. ಹೆಸರು ಕೇಳಿ ಧರ್ಮ ಗುರುತಿಸಲು ಬಂದ ಹೊರಗಿನ ರಜಾಕಾರನಿಗೆ ಹಣೆಗೆ ವಿಭೂತಿ ಹಚ್ಚಿದ ಹುಡುಗ "ಹುಸೇನಪ್ಪ ರೀ" ಎಂದು ಉತ್ತರ ಕೊಟ್ಟರೆ ಅವನ ಮುಖ ಹೇಗಾಗಿರಬೇಡ? ಈ ದೃಶ್ಯವನ್ನು ನಾನು ಬಹಳ ಪ್ರೀತಿಯಿಂದ ಬರೆದಿದ್ದೇನೆ, ಬೇಕಾದ್ದಕ್ಕಿಂತ ಉದ್ದವಾಗಿಯೇ.

ಸಾಮಗ್ರಿ ಸಂಗ್ರಹಕ್ಕೆ ಕಟ್ಟೆಗಳ ಮೇಲೆ ಕುಳಿತೆ. ಆಗ ಎಂಟು ಹತ್ತು ವರ್ಷದವರಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ನನಗೆ ಬೇಕಾದದ್ದು ಸಾಹಸ: ಗುಪ್ತಪತ್ರ, ಕತ್ತಲಲ್ಲಿ ಓಟ, ಗೋಡೆಯ ಹಿಂದೆ ಬಂದೂಕು. ಅವರಿಗೆ ನೆನಪಿದ್ದದ್ದು ಉಪ್ಪು.

"ಉಪ್ಪು ಇರಲಿಲ್ಲ ತಮ್ಮಾ. ಸಪ್ಪನ್ನ ಸಾರು. ಉಪ್ಪು ಇಲ್ಲದ ಅಂಬಲಿ ಕುಡ್ದೀ ಏನು ನೀ?"

1948ರಲ್ಲಿ ಭಾರತ ಸರಕಾರ ಹೈದರಾಬಾದಿಗೆ ಸಾಮಾನು ಹೋಗದಂತೆ ಗಡಿ ಬಿಗಿ ಮಾಡಿದ್ದು ಇತಿಹಾಸದ ಪುಸ್ತಕಗಳಲ್ಲಿ ಒಂದು ಸಾಲು. ಅದರ ರುಚಿ ಈ ಅಂಬಲಿಯಲ್ಲಿದೆ. ಒಬ್ಬ ಅಜ್ಜ ಹೇಳಿದ: ಹೊಳೆ ಆಚೆ ಹೋದವರು ಬರುವಾಗ ಧೋತರದ ಗಂಟಿನಲ್ಲಿ ಉಪ್ಪು ಕಟ್ಟಿಕೊಂಡು ಬರುತ್ತಿದ್ದರಂತೆ. ಹೊಳೆಯಲ್ಲಿ ನೀರು ಎದೆಮಟ್ಟ ಬಂದರೆ ಕಳ್ಳಸಾಗಣೆಯ ಸಾಕ್ಷ್ಯ ತಾನಾಗಿ ಕರಗಿಹೋಗುತ್ತಿತ್ತು. "ಪೊಲೀಸರು ಹಿಡಿದ್ರ ಬರೇ ತೊಯ್ದ ಧೋತರ!" ಎಂದು ಅಜ್ಜ ಇಂದಿಗೂ ನಗುತ್ತಾನೆ. ಮನೆಗೆ ಬಂದ ಮೇಲೆ ಏನಾಗುತ್ತಿತ್ತು ಎಂದು ಕೇಳಿದೆ. "ಅವ್ವ ಧೋತರ ತೊಳದ ನೀರಾಗ ಸಾರು ಮಾಡತಿದ್ಲು" ಎಂದ. ನಿಜವೋ ನನ್ನನ್ನು ಆಡಿಸಿದನೋ ತಿಳಿಯದು. ಕಾದಂಬರಿಯಲ್ಲಿ ಹಾಕಿಕೊಂಡಿದ್ದೇನೆ.

ಉಪ್ಪಿನ ನಂತರ ಅವರಿಗೆ ನೆನಪಿದ್ದದ್ದು ದುಡ್ಡು. ನಿಜಾಮನ ರಾಜ್ಯಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ, ಚಾರ್‌ಮಿನಾರಿನ ಚಿತ್ರದ್ದು. ಹೊಳೆಯಾಚೆಯ ಇಂಗ್ರೇಜಿ ರೂಪಾಯಿಗೆ ಕಲ್ದಾರ್ ಎಂದು ಹೆಸರು. ಸುಮಾರಾಗಿ 6 ಕಲ್ದಾರಿಗೆ 7 ಹಾಲಿ. ಹೊಸಪೇಟೆಯ ಸಂತೆಗೆ ಹೋಗುವ ಮನೆಯ ಮಕ್ಕಳು ಈ ಲೆಕ್ಕವನ್ನು ಮಗ್ಗಿಗಿಂತ ಮೊದಲು ಕಲಿಯುತ್ತಿದ್ದರು. 1947ರ ನವೆಂಬರ್ 29ರಂದು ಭಾರತಕ್ಕೂ ನಿಜಾಮನಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಅದಾದ ಸ್ವಲ್ಪ ದಿನಕ್ಕೇ ನಿಜಾಮನ ಸರಕಾರ ತನ್ನ ರಾಜ್ಯದಲ್ಲಿ ಭಾರತದ ದುಡ್ಡು ನಡೆಯುವುದಿಲ್ಲ ಎಂದಿತು. ದೆಹಲಿಯಲ್ಲಿ ಇದು ದೊಡ್ಡ ರಾಜಕೀಯ ಬಿಕ್ಕಟ್ಟು. ಹಿಟ್ನಾಳದ ಹುಲಿಗೆವ್ವನಿಗೆ, ಮಾವ ಜಾತ್ರೆಯಲ್ಲಿ ಕೊಟ್ಟ ಒಂದು ಕಲ್ದಾರ್ ಆಣೆ ರಾತ್ರೋರಾತ್ರಿ ಬಿಲ್ಲೆಯಾಗಿ ಹೋಯಿತು. ಅವಳಿಗಾಗಿ ನಾನು ಒಂದಿಡೀ ಅಧ್ಯಾಯ ಕೊಟ್ಟಿದ್ದೇನೆ. ಒಪ್ಪಂದಕ್ಕೆ ಅರ್ಧ ವಾಕ್ಯ.

ಗಡಿಯಲ್ಲಿ ಕರೋಡಗಿರಿ ನಾಕಾಗಳಿದ್ದವು. ಕರೋಡಗಿರಿ ಎಂದರೆ ನಿಜಾಮನ ಸುಂಕದ ಇಲಾಖೆ. ಬೆಲ್ಲ ತಂದರೆ ಸುಂಕ, ಬಟ್ಟೆ ತಂದರೆ ಸುಂಕ. ತವರಿಗೆ ಹೋಗಿ ಬರುವ ಹೆಣ್ಣುಮಕ್ಕಳ ಬುತ್ತಿಯನ್ನು ಬಿಚ್ಚಿಸಿ ನೋಡುತ್ತಿದ್ದರೆಂದು ಹೇಳುವಾಗ ಮುದುಕಿಯರ ದನಿ ಈಗಲೂ ಏರುತ್ತದೆ. ದೇಶಾಭಿಮಾನ ಎಲ್ಲಿ ಹುಟ್ಟುತ್ತದೆ ಎಂಬ ಬಗ್ಗೆ ವಿದ್ವಾಂಸರು ಏನು ಬೇಕಾದರೂ ಹೇಳಲಿ, ನಮ್ಮ ಹೆಂಗಸರಲ್ಲಿ ಅದರ ಒಂದು ಪಾಲು ಈ ನಾಕಾದಲ್ಲಿ ಬುತ್ತಿ ಬಿಚ್ಚುವಾಗ ಹುಟ್ಟಿತು ಎನ್ನುವುದು ನನ್ನ ಖಾತ್ರಿ.

ಇನ್ನು ಸಾಲಿ. ಸರಕಾರಿ ಸಾಲಿಯಲ್ಲಿ ಉರ್ದು. ಮನೆಯಲ್ಲಿ ಕನ್ನಡ, ಮಠದಲ್ಲಿ ಕನ್ನಡ, ಹೊಡೆತ ತಿನ್ನುವಾಗ ಕನ್ನಡ, ಪಾಸಾಗಲು ಉರ್ದು. ಇದನ್ನು ವಿರೋಧಿಸಿ ಕನ್ನಡದ ಖಾಸಗಿ ಸಾಲಿ ಕಟ್ಟಿದವರು ದೊಡ್ಡವರು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ತೆರೆದರು, ಕುಕನೂರಿನಲ್ಲಿ ವಿದ್ಯಾನಂದ ಗುರುಕುಲ ನಡೆಯಿತು. ಆದರೆ ಉರ್ದು ಕಲಿತವರ ಬಾಯಲ್ಲಿ ಅದು ದ್ವೇಷವಾಗಿ ಉಳಿದಿಲ್ಲ. ಕಟ್ಟೆಯ ಮೇಲಿನ ಒಬ್ಬ ಅಜ್ಜ ಇಂದಿಗೂ ಮಗ್ಗಿಯನ್ನು ಉರ್ದುವಿನಲ್ಲೇ ಹೇಳಿಕೊಂಡು ಕನ್ನಡದಲ್ಲಿ ಉತ್ತರ ಕೊಡುತ್ತಾನೆ. ಸೊಸೈಟಿಯ ಗುಮಾಸ್ತ ಕ್ಯಾಲ್ಕುಲೇಟರ್ ಒತ್ತುವಷ್ಟರಲ್ಲಿ ಬಡ್ಡಿಯ ಲೆಕ್ಕ ಮುಗಿದಿರುತ್ತದೆ. ಯಲಬುರ್ಗಾ ತಾಲೂಕಿನ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಕನ್ನಡದ ಮಕ್ಕಳಿಗೆ 'ತುಪ್ಪಾ ರೊಟ್ಟಿ ಗೇ ಗೇ ಗೇ' ಕೊಟ್ಟರು. ನಮ್ಮ ಭಾಗದಲ್ಲಿ ಮಕ್ಕಳಿಗಾಗಿ ಬರೆಯುವ ಯಾರೇ ಆದರೂ ಮೊದಲು ಆ ತುಪ್ಪ ರೊಟ್ಟಿಯ ಋಣ ತೀರಿಸಬೇಕು.

ಸಾಹಸ ಬೇಡವೆಂದಲ್ಲ, ಸಾಹಸವೂ ಇತ್ತು. ಗಡಿಯಾಚೆ ಶಿಬಿರಗಳು ಎದ್ದಿದ್ದವು. ಮುಂಡರಗಿಯ ಶಿಬಿರ ಅಳವಂಡಿಯ ಶಿವಮೂರ್ತಿ ಸ್ವಾಮಿಗಳದು, ಗಜೇಂದ್ರಗಡದ್ದು ಪುಂಡಲೀಕಪ್ಪ ಜ್ಞಾನಮೋಠೆಯವರದು. ಅಲ್ಲಿಂದ ತರುಣರು ಬಂದು ಪೊಲೀಸ್ ಠಾಣೆ, ನಾಕಾಗಳ ಮೇಲೆ ಬಿದ್ದು ಮತ್ತೆ ಗಡಿ ದಾಟುತ್ತಿದ್ದರು. ಹೆಸರಲ್ಲೇ ಸ್ವಾಮಿ, ಕೆಲಸ ಸೇನಾಪತಿಯದು ಎಂದರೆ ಯಾವ ಹುಡುಗನಿಗೆ ಇಷ್ಟವಾಗುವುದಿಲ್ಲ? ಇದೇ ಶಿವಮೂರ್ತಿ ಸ್ವಾಮಿಗಳು 1952ರಲ್ಲಿ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಮೊದಲ ಲೋಕಸಭೆಗೆ ಹೋದರು. ನನ್ನ ಹುಸೇನಪ್ಪ ಹದಿಮೂರು ವರ್ಷದವನು. ಅವನೂ ಶಿಬಿರ ಸೇರಲು ಓಡಿಹೋಗುತ್ತಾನೆ. ಮುಂಡರಗಿ ಮುಟ್ಟುವ ಮೊದಲೇ ಅಳವಂಡಿಯ ಹತ್ತಿರ ದೊಡ್ಡಪ್ಪನ ಕೈಗೆ ಸಿಕ್ಕು, ಎತ್ತಿನ ಗಾಡಿಯ ಹಿಂದೆ ನಡೆದುಕೊಂಡು ವಾಪಸು ಬರುತ್ತಾನೆ. ಶಿಬಿರ ಮುಟ್ಟಿದವರ ಹೆಸರು ಪಿಂಚಣಿಯ ಪಟ್ಟಿಯಲ್ಲಾದರೂ ಇದೆ. ದಾರಿಯಲ್ಲಿ ಕಿವಿ ಹಿಂಡಿಸಿಕೊಂಡು ಮರಳಿದವರಿಗೆ ಯಾವ ತಾಮ್ರಪತ್ರ?

ಮುನಿರಾಬಾದಿನ ಅಣೆಕಟ್ಟೂ ಕಥೆಯೊಳಗೆ ನುಗ್ಗಲು ನೋಡಿತು. 1945ರ ಫೆಬ್ರುವರಿ 28ರಂದು ಒಂದೇ ಅಣೆಗೆ ಎರಡು ದಂಡೆಯಲ್ಲಿ ಎರಡು ಅಡಿಗಲ್ಲು: ಈಚೆ ನಿಜಾಮನ ಮಗ ಬೇರಾರ್ ರಾಜಕುಮಾರ, ಆಚೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಎರಡು ಸರಕಾರಗಳು ಜಗಳಾಡುತ್ತಲೇ ನಡುವೆ ಒಂದು ಗೋಡೆ ಕಟ್ಟುತ್ತಿದ್ದವು, ಅದೂ ನೀರು ಹಂಚಿಕೊಳ್ಳಲು! 1953ರಲ್ಲಿ ಕಾಲುವೆಗೆ ನೀರು ಬಂತು, ಜೋಳ ನವಣೆಯ ಸೀಮೆಗೆ ಭತ್ತ ಬಂತು, ಹಿನ್ನೀರಿನಲ್ಲಿ ಊರುಗಳು ಹೋದವು. ಆ ಕಥೆ ಬೇರೆಯದೇ ಪುಸ್ತಕ. ಶರಾವತಿ ಕಡೆಯ ಮುಳುಗಡೆಯನ್ನು ಮಕ್ಕಳ ಕಣ್ಣಿನಿಂದ ಹೇಗೆ ನೋಡಬಹುದೆಂದು ನಾ. ಡಿಸೋಜ ತೋರಿಸಿದ್ದಾರೆ, ತುಂಗಭದ್ರೆಯ ಕಡೆಯಿಂದ ಯಾರಾದರೂ ತರುಣರು ಬರೆಯಲಿ. ನಾನು ಉಪ್ಪಿನಲ್ಲೇ ಸಾಕಷ್ಟು ಮುಳುಗಿದ್ದೇನೆ.

ಹಾಗೂ ಹೀಗೂ ಕಥೆ 1948ರ ಸೆಪ್ಟೆಂಬರ್ 13ಕ್ಕೆ ಬಂದು ನಿಂತಿತು. ಸೋಮವಾರ. ಸೈನ್ಯದವರು ಈ ಕಾರ್ಯಾಚರಣೆಗೆ ಇಟ್ಟ ಹೆಸರು ಪೋಲೋ. ಹೈದರಾಬಾದಿನಲ್ಲಿ ಪೋಲೋ ಮೈದಾನಗಳು ಬಹಳ ಇದ್ದವಂತೆ. ಸರಕಾರ ಕರೆದದ್ದು ಪೊಲೀಸ್ ಆ್ಯಕ್ಷನ್. ನಾನು ಈ ಭಾಗವನ್ನು ಕೆಲವು ಮಕ್ಕಳಿಗೆ ಓದಿ ಹೇಳಿದಾಗ ಒಬ್ಬ ಹುಡುಗ ಕೈ ಎತ್ತಿದ: "ಸರ್, ಟ್ಯಾಂಕು ಬಂದಿದ್ವು ಅಂದ್ರಿ. ಮತ್ತ ಪೊಲೀಸ್ ಆ್ಯಕ್ಷನ್ ಹೆಂಗಾತ್ರಿ?" ನೆಹರೂ ಸರಕಾರಕ್ಕೆ ಅಂದು ವಿಶ್ವಸಂಸ್ಥೆಯಲ್ಲಿ ಎದುರಾದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಗೂರ್ಖಾ ದಳ ತುಂಗಭದ್ರೆಯ ಸೇತುವೆಯನ್ನು ಹಿಡಿಯಿತು. ಐದನೇ ದಿನ, 17ರ ಸಂಜೆ, ನಿಜಾಮ ಶರಣಾದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಂದೆ ಸೈನ್ಯವನ್ನು ಒಪ್ಪಿಸಿದ.

ಅಂದು ಊರ ಮೇಲೆ ವಿಮಾನ ಹಾರಿತೇ ಇಲ್ಲವೇ ಎಂಬ ಬಗ್ಗೆ ನನ್ನ ಇಬ್ಬರು ಸಾಕ್ಷಿಗಳು ಈಗ ಮಾತು ಬಿಟ್ಟಿದ್ದಾರೆ. ಒಬ್ಬರು ನೋಡಿದ್ದಾರೆ, ಬೆಳ್ಳಗೆ ಇತ್ತು, ಕೊಪ್ಪಳದ ಕೋಟೆಯ ಕಡೆ ಹೋಯಿತು. ಇನ್ನೊಬ್ಬರ ಪ್ರಕಾರ ಅದು ಹದ್ದು.

ಮಕ್ಕಳ ಪುಸ್ತಕ ಇಲ್ಲಿಗೆ ಮುಗಿಯಬೇಕು. ಧ್ವಜ ಏರಬೇಕು, ಹುಲಿಗೆವ್ವನಿಗೆ ಉಪ್ಪು ಸಿಗಬೇಕು, ಕೊನೆಯ ಪುಟದಲ್ಲಿ ಸೂರ್ಯ ಇರಬೇಕು. ಮುಖ್ಯೋಪಾಧ್ಯಾಯ ಮಿತ್ರರೂ ಹಾಗೇ ಅಂದುಕೊಂಡಿದ್ದರು. ನನಗೆ ಮಾತ್ರ ಯಮನೂರಸಾಬನ ಮನೆಯ ಚಿಂತೆ ಹತ್ತಿತು. ಸೆಪ್ಟೆಂಬರ್ 17ರ ನಂತರ ಸೇಡು ತೀರಿಸಿಕೊಳ್ಳುವ ದಿನಗಳು ಬಂದವು. ಪಂಡಿತ ಸುಂದರಲಾಲರ ಸಮಿತಿ ಅದೇ ವರ್ಷದ ಕೊನೆಗೆ ಊರೂರು ಸುತ್ತಿ ವರದಿ ಕೊಟ್ಟಿತು: ಸಂಸ್ಥಾನದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತಿದ್ದಾರೆ, ಅವರಲ್ಲಿ ಹೆಚ್ಚಿನವರು ಮುಸ್ಲಿಮರು, ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಅತಿ ಹೆಚ್ಚು. ಆ ವರದಿ ದಶಕಗಟ್ಟಲೆ ಬೀರುವಿನಲ್ಲೇ ಮಲಗಿತ್ತು. ಆಗ ನಮ್ಮ ಊರುಗಳಿದ್ದ ರಾಯಚೂರು ಜಿಲ್ಲೆ ಆ ನಾಲ್ಕರ ಪಟ್ಟಿಯಲ್ಲಿ ಇಲ್ಲ. ಆದರೆ ಭಯಕ್ಕೆ ಕರೋಡಗಿರಿ ಇರಲಿಲ್ಲ. ಅದು ಎಲ್ಲ ಕಡೆ ಸುಂಕವಿಲ್ಲದೆ ಬಂತು. ರಜಾಕಾರನ ಮುಖವನ್ನೇ ನೋಡದ ಪಿಂಜಾರ, ಕಸಾಯಿ, ದರವೇಶಿ ಮನೆಗಳವರೂ ಈಗ ತಾವು ದೀಪ ಆರಿಸಿ ಕುಳಿತರು. ಸೆಪ್ಟೆಂಬರ್ 17ಕ್ಕೆ ಪುಸ್ತಕ ಮುಚ್ಚಿದರೆ, ನಾನು ಹಿಡಿದ ಮಗುವಿನ ಅಳತೆಗೋಲನ್ನು ಅರ್ಧಕ್ಕೇ ಮುರಿದು ಎಸೆದ ಹಾಗೆ. ಅಪ್ಪ ರಾತ್ರಿ ಮನೆಯಲ್ಲಿ ಮಲಗುತ್ತಾನೋ ಇಲ್ಲವೋ ಎಂಬ ಪ್ರಶ್ನೆ ಹುಲಿಗೆವ್ವನಿಗೆ ಮಾತ್ರ ಮೀಸಲೇ? ಇನ್ನೊಂದು ಅಧ್ಯಾಯ ಬೇಕು ಎಂದು ಹಟ ಹಿಡಿದೆ.

ಆ ವರ್ಷದ ಮೊಹರಂ ಬಂದದ್ದು ನವೆಂಬರಿನಲ್ಲಿ, ಎರಡೇ ತಿಂಗಳ ನಂತರ. ಅಲಾಯಿ ದೇವರು ಕೂಡಿಸಿದರೋ ಇಲ್ಲವೋ? ಹೆಜ್ಜೆ ಕುಣಿತ ಆಯಿತೋ? ನನಗೆ ದೂರದ ಸಂಬಂಧದ ಒಬ್ಬ ದೊಡ್ಡವ್ವ ಇದ್ದಾಳೆ, ಹುಲಿಗೆವ್ವನನ್ನು ಅರ್ಧ ಅವಳಿಂದಲೇ ಕದ್ದದ್ದು. ಅವಳ ಮನೆಯವರು ಹಾವಳಿಯ ಕಾಲಕ್ಕೆ ಕೆಲವು ತಿಂಗಳು ಊರು ಬಿಟ್ಟು ಹೊಳೆಯಾಚೆ ಬೀಗರ ಮನೆಯಲ್ಲಿ ಇದ್ದವರು. ಹೋಗುವಾಗ ಒಂದು ಆಡನ್ನು ಪಕ್ಕದ ಸಾಬರ ಮನೆಯಲ್ಲಿ ಕಟ್ಟಿ ಹೋಗಿದ್ದರು. ಇವರು ಮರಳಿ ಬಂದ ಮೇಲೆ ಆ ಸಾಬರ ಮನೆಯವರು ಹೆದರಿ ಗಂಗಾವತಿಯ ಸಂಬಂಧಿಕರಲ್ಲಿಗೆ ಹೋದರು. ಹೋಗುವಾಗ ತಮ್ಮ ಕೋಳಿಗಳನ್ನು ಇವರ ಅಂಗಳದಲ್ಲಿ ಬಿಟ್ಟರು. ಇದು ಕಿವಿಗೆ ಬಿದ್ದಾಗ ನಾನು ಕುಣಿದಾಡುವುದೊಂದು ಬಾಕಿ. ಆಡು ಇಲ್ಲಿ, ಕೋಳಿ ಅಲ್ಲಿ. ಮೊಹರಂ ದಿನ ಎರಡು ಮನೆಯವರು ಎದುರಾಗುತ್ತಾರೆ. ಹುಲಿಗೆವ್ವ ಕೋಳಿ ಒಪ್ಪಿಸುತ್ತಾಳೆ, ಯಮನೂರಸಾಬ ಆಡಿನ ಹಗ್ಗ ಅವಳ ಕೈಗೆ ಕೊಡುತ್ತಾನೆ. ಪ್ರಶಸ್ತಿ ಸಮಿತಿಯವರು ಕಣ್ಣೊರೆಸಿಕೊಳ್ಳುವುದು ನನಗೆ ಕಾಣಿಸತೊಡಗಿತ್ತು.

"ದೊಡ್ಡವ್ವಾ, ಆ ಸಲ ಅಲಾಯಿ ಆತೇನು?"

"ಆತು. ಮಂದಿ ಕಮ್ಮಿ ಇದ್ರು. ದೇವರು ಹಿಡಿಯೋ ಸಾಬ ಬಂದಿರಲಿಲ್ಲಂತ ಕುರಬರ ಹುಡುಗನ ಹಿಡಿದ. ಚೊಂಗೆ ಮಾಡಿದ್ರು. ಬೆಲ್ಲ ಭಾಳ ಹಾಕಿದ್ರು. ನಾಕಾದಾಗ ಯಾರೂ ಕುಂತಿರಲಿಲ್ಲ ನೋಡು, ಹೊಸಪೇಟಿ ಬೆಲ್ಲ ಸೀದಾ ಬಂತು."

"ಆಮ್ಯಾಲ ಅವರು ಬಂದ್ರಲ್ಲ ಗಂಗಾವತಿಯಿಂದ. ಅವರ ಕೋಳಿ ಕೊಟ್ರೇನು?"

ದೊಡ್ಡವ್ವ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. "ಕೋಳಿ? ಅವನ್ನ ತಿಂದಿದ್ವಿ."

"ಎಲ್ಲಾ?"

"ಮತ್ತ? ಕಾಳಿಲ್ಲದ ದಿನದಾಗ ಅವಕ್ಕೇನು ಹಾಕೂದು?"

"ಅವರು ಬಂದು ಕೇಳಲಿಲ್ಲೇನು?"

"ಕೇಳಿದ್ರು. ಬಾಗಲಾಗ ನಿಂತು ಕೇಳಿದ್ರು. ನಮ್ಮವ್ವ, ನಮ್ಮ ಆಡು ಎಲ್ಲೈತಿ ಬೇ ಅಂತ ಕೇಳಿದ್ಲು."

"ಏನಂದ್ರು?"

"ಏನಂತಾರ? ಅವರೂ ತಿಂದಿದ್ರು. ಆಮ್ಯಾಲ ಒಳಗ ಬಂದು ಕುಂತು ಚಾ ಕುಡುದ್ರು. ಹಾಲಿಲ್ಲದ ಚಾ. ಆಡ ಇರಲಿಲ್ಲಲ್ಲ."

ಇದನ್ನು ಹೀಗೇ ಬರೆದು ಮುಖ್ಯೋಪಾಧ್ಯಾಯ ಮಿತ್ರರಿಗೆ ಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿ, ಬಹಳ ಹೊತ್ತು ಯೋಚಿಸಿ, "ಎಷ್ಟಂದ್ರೂ ಮಕ್ಕಳ ಪುಸ್ತಕ ನೋಡ್ರೀ, ಆಡೊಂದು ಉಳೀಲಿ" ಎಂದರು. ಕೋಳಿಗಳ ಬಗ್ಗೆ ಏನೂ ಹೇಳಲಿಲ್ಲ.